ಫ್ಲೆಕ್ಸ್ ಮೇಲಿನ ಸಮಾಜ ಸೇವಕ, ವಾರ್ಡಿನೊಳಗಿನ ಸಮಾಜಕಾರ್ಯಕರ್ತೆ

ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸಾದ ಎಂ.ಎಸ್.ಡಬ್ಲ್ಯೂ.ನ ಮೊದಲ ಸೆಮಿಸ್ಟರಿಗೆ ಬಂದವರನ್ನು 'ಈ ಕೋರ್ಸೇ ಯಾಕೆ?' ಎಂದು ಪ್ರತಿ ವರ್ಷ ಕೇಳುತ್ತೇನೆ. 'ಸಮಾಜ ಸೇವೆ ಮಾಡ್ಬೇಕು ಸರ್' ಎನ್ನುವವರೇ ಹೆಚ್ಚು. ಒಬ್ಬಿಬ್ಬರು ಮಾತ್ರ 'ಬೇರೆ ಕಡೆ ಸೀಟು ಸಿಗ್ಲಿಲ್ಲ' ಎಂದು ಒಪ್ಪಿಕೊಳ್ಳುತ್ತಾರೆ. ಪಾಠ ಹೇಳುವುದು ಇವರಿಗೇ ಸುಲಭ. ತಲೆಯಿಂದ ಅಳಿಸಬೇಕಾದದ್ದು ಕಡಿಮೆ.

ತಪ್ಪು ಕಲ್ಪನೆ: ಸಮಾಜ ಸೇವೆಯೂ ಸಮಾಜಕಾರ್ಯವೂ ಒಂದೇ.

ವಾಸ್ತವ: ಊರ ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ ಕೈಮುಗಿದು ನಿಂತ 'ಯುವ ಮುಖಂಡರು, ಸಮಾಜ ಸೇವಕರು' ತಮ್ಮ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುತ್ತಾರೆ. ಹಂಚಲಿ, ತಪ್ಪೇನಿಲ್ಲ. ಅದೇ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿರುವ ಸಮಾಜಕಾರ್ಯಕರ್ತೆಯ ಚಿಂತೆ ಬೇರೆ: ಈ ರೋಗಿ ಮೂರನೇ ಸಲ ಯಾಕೆ ದಾಖಲಾದ? ಮಾತ್ರೆ ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದ? ನುಂಗಿದರೆ ಬೆಳಗಾದರೂ ಮಂಪರು, ಟ್ರ್ಯಾಕ್ಟರ್ ಓಡಿಸಲಾಗದು, ಓಡಿಸದಿದ್ದರೆ ಆ ದಿನದ ಕೂಲಿ ಇಲ್ಲ. ಇದನ್ನು ವೈದ್ಯರ ಗಮನಕ್ಕೆ ತರುವುದು, ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು, ಔಷಧ ಹತ್ತಿರದಲ್ಲೇ ಸಿಗುವಂತೆ ನೋಡಿಕೊಳ್ಳುವುದು ಅವಳ ಕೆಲಸ. (ಆ ಔಷಧ ಊರ ಹತ್ತಿರಕ್ಕೆ ಬಂದದ್ದರಲ್ಲಿ ಬಳ್ಳಾರಿಗೆ ದೊಡ್ಡ ಪಾಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.)

ಹೆಸರಿನ ಗೊಂದಲಕ್ಕೆ ಕಾರಣವೂ ಇದೆ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಇಡೀ ಸಮಾಜಕಾರ್ಯ ವೃತ್ತಿಗೆ ಒಂದು ಪರಿಷತ್ತು ನಮ್ಮ ದೇಶದಲ್ಲಿಲ್ಲ. ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ಕಾಯ್ದೆಯಲ್ಲಿ ಆಸ್ಪತ್ರೆಯ ಸಮಾಜಕಾರ್ಯಕರ್ತರಿಗೆ ಜಾಗ ಸಿಕ್ಕಿದೆ. ಉಳಿದವರು ಇನ್ನೂ ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಫ್ಲೆಕ್ಸ್ ಪ್ರಿಂಟ್ ಮಾಡುವವನಿಗೆ ಕೆಲಸಕ್ಕೆ ಕೊರತೆಯಿಲ್ಲ.

ತಪ್ಪು ಕಲ್ಪನೆ: ಒಳ್ಳೆಯ ಮನಸ್ಸಿದ್ದರೆ ಸಾಕು, ಇದಕ್ಕೂ ಒಂದು ಡಿಗ್ರಿ ಬೇಕೆ?

ವಾಸ್ತವ: ಬೇಕು. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಮುಂಬಯಿಯ ನಾಗಪಾಡಾದ ಬಡವರ ನಡುವೆ ಕೆಲಸ ಮಾಡುತ್ತಿದ್ದವರು. 1936ರಲ್ಲಿ ಅಲ್ಲಿ ಸಮಾಜಕಾರ್ಯ ಕಲಿಸುವ ದೇಶದ ಮೊದಲ ಶಾಲೆ ಶುರುವಾದಾಗ ಅದರ ನಿರ್ದೇಶಕರಾದವರು ಅವರೇ. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯದಲ್ಲಿ ಇಂಥ ಶಾಲೆ 1960ರಿಂದ ಇದೆ.

ಓದಿನ ದೊಡ್ಡ ಭಾಗ ತರಗತಿಯ ಹೊರಗೆ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಕ್ಷೇತ್ರಕಾರ್ಯ, ನೋಡಿದ್ದನ್ನೆಲ್ಲ ಬರೆದೊಪ್ಪಿಸುವ ರೆಕಾರ್ಡು. ಮೊದಲ ವಾರದ ರೆಕಾರ್ಡುಗಳಲ್ಲಿ 'ಜನ ತುಂಬಾ ಬಡವರು, ಕುಡಿತ ಜಾಸ್ತಿ' ಎಂಬ ಸಾಲು ಇದ್ದೇ ಇರುತ್ತದೆ. ಅಡಿಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತೇನೆ: ಯಾರು? ಎಷ್ಟು ಮನೆ? ನೀವು ಕಂಡದ್ದೋ, ಟೀ ಅಂಗಡಿಯವನು ಹೇಳಿದ್ದೋ?

ಇದು ಬರವಣಿಗೆಯ ಮಡಿವಂತಿಕೆ ಎಂದು ಗೊಣಗುವವರಿದ್ದಾರೆ. ಆದರೆ ಬಾಲನ್ಯಾಯ ಮಂಡಳಿಯ ಮುಂದೆ ಹುಡುಗನೊಬ್ಬನನ್ನು ತಂದು ನಿಲ್ಲಿಸಿದಾಗ ಅವನ ಮನೆ, ಶಾಲೆ, ಸಹವಾಸವನ್ನೆಲ್ಲ ವಿಚಾರಿಸಿ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಪರಿವೀಕ್ಷಣಾಧಿಕಾರಿ ಇಲ್ಲದ ಕಡೆ ಅದನ್ನು ಸಮಾಜಕಾರ್ಯಕರ್ತರೂ ಬರೆಯಬೇಕಾಗಬಹುದು. ಟೀ ಅಂಗಡಿಯ ಸುದ್ದಿ ಅದರಲ್ಲಿ ನುಸುಳಿದರೆ ಹುಡುಗ ಮನೆಗೆ ಹೋಗುವ ಬದಲು ವೀಕ್ಷಣಾಲಯದಲ್ಲೇ ಉಳಿಯಬಹುದು.

ತಪ್ಪು ಕಲ್ಪನೆ: ಎನ್‌ಜಿಒ ಬಿಟ್ಟರೆ ಬೇರೆ ಕೆಲಸವಿಲ್ಲ.

ವಾಸ್ತವ: ಎನ್‌ಜಿಒ ಸಂಬಳ ಹಲವು ಕಡೆ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಂ.ಎಸ್.ಡಬ್ಲ್ಯೂ. ಮುಗಿಸಿದವರು ಕಾರ್ಖಾನೆಗಳ ಎಚ್‌ಆರ್ ವಿಭಾಗದಲ್ಲೂ ಇದ್ದಾರೆ. 500 ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾಯ್ದೆ ಹೇಳಿತ್ತು. 2020ರ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕಗಳು ಬೇರೆ.

ತಪ್ಪು ಕಲ್ಪನೆ: ಬುದ್ಧಿ ಹೇಳಿ ಸಂಸಾರ ಸರಿಮಾಡುವುದೇ ಈ ಕೆಲಸ.

ವಾಸ್ತವ: ಇದನ್ನು ಬಿಡಿಸಲು ಎರಡು ವರ್ಷವೂ ಸಾಲದು. ನಮ್ಮ ಮನೆಗಳಲ್ಲಿ ಬುದ್ಧಿ ಹೇಳುವುದು ಹಿರಿಯರ ಹಕ್ಕು. ಕೈಗೆ ರೆಕಾರ್ಡು ಪುಸ್ತಕ ಬಂದೊಡನೆ ಇಪ್ಪತ್ತೆರಡರ ಹುಡುಗಿಯೂ ಹಿರಿಯಳಾಗಿಬಿಡುತ್ತಾಳೆ. ಸಾಂತ್ವನ ಕೇಂದ್ರವೊಂದಕ್ಕೆ ಕಳಿಸಿದ್ದ ನನ್ನ ವಿದ್ಯಾರ್ಥಿನಿ ಒಂದು ಸಂಜೆ ಸಿಟ್ಟಿನಿಂದ ಬಂದಳು. ಗಂಡನ ಹೊಡೆತ ತಾಳದೆ ಬಂದ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ವಿವರಿಸಿದ್ದಾಳೆ, ದೂರು ಕೊಡಿ ಎಂದು ಮೂರು ಸಲ ಹೇಳಿದ್ದಾಳೆ. ಆಕೆ ಕೇಳಿಸಿಕೊಂಡು, ನೀರು ಕುಡಿದು, ಗಂಡನ ಮನೆಗೇ ಹೋದಳಂತೆ. 'ಇಂಥವರಿಗೆ ಏನು ಮಾಡೋಕಾಗುತ್ತೆ ಸರ್?'

ದೂರು ಕೊಡುವುದೋ ಬಿಡುವುದೋ ಆಕೆಯ ತೀರ್ಮಾನ. ಹೋದರೆ ರಾತ್ರಿ ಏನಾಗಬಹುದು, ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನು ಆಕೆಯ ಜೊತೆ ಕೂತು ಯೋಚಿಸಿದೆಯಾ ಎಂದು ಕೇಳಿದೆ. ಹುಡುಗಿ ಮಾತಾಡಲಿಲ್ಲ. ನಂಬರ್ ಕೊಟ್ಟಿದ್ದೊಂದು ಆಗಿತ್ತು.

ಮೂರು ವಾರದ ನಂತರ ಆ ಹೆಂಗಸು ತಾನೇ ಬಂದಳು. ದೂರಿನ ಮಾತಿಲ್ಲ, ಅಳು ಇಲ್ಲ. ಸೆರಗಿನಿಂದ ಮಡಚಿದ ರೇಷನ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಕೇಳಿದಳಂತೆ: 'ಮೇಡಮ್ಮಾ, ಇದ್ರಾಗ ನಂದೂ ಮಕ್ಕಳದ್ದೂ ಹೆಸರು ಬ್ಯಾರೆ ಮಾಡ್ಸಾಕ ಏನೇನು ಬೇಕಾಗತೈತ್ರಿ?'