ಹಿತ್ತಲ ಮಣ್ಣು ನಿಲ್ಲಬೇಕಾದರೆ ಮೊದಲು ನೀರಿಗೆ ದಾರಿ ಕೊಡಿ



ಬೆಳ್ಳಟ್ಟಿ ಭಾಗದ ಸಂಘಗಳ ಸಭೆಗೆ ಹೋದಾಗ ಸಾಲದ ಅರ್ಜಿಗಳನ್ನು ಓದುವುದು ನನ್ನ ರೂಢಿ. ಎಮ್ಮೆ, ಹೊಲಿಗೆ ಮಷಿನ್, ಮಗಳ ಕಾಲೇಜಿನ ಫೀ, ಬೀಜ ಗೊಬ್ಬರ, ಇವು ಯಾವಾಗಲೂ ಇರುತ್ತವೆ. ಈಚೆಗೆ ಇನ್ನೊಂದು ಸೇರಿದೆ: "ಹಿತ್ತಲಕ್ಕ ಗೋಡಿ." ಇದು ಒಳ್ಳೆಯ ಕೆಲಸವೇ. ಆದರೆ ಇಂಥ ಸಾಲವನ್ನು ಮಂಜೂರು ಮಾಡುವ ಮುಂಚೆ ಸಂಘ ನಾಲ್ಕು ಮಾತು ಕೇಳಬೇಕು. ಏಕೆ ಎಂದು ಹೇಳುತ್ತೇನೆ.

ಒಬ್ಬ ಅಕ್ಕನ ಮನೆ ದಿಬ್ಬದ ಮೇಲಿದೆ. ಹಿತ್ತಲು ಹಳ್ಳದ ಕಡೆಗೆ ಇಳಿಜಾರು. ಪ್ರತಿ ಮಳೆಗೂ ಮಣ್ಣು ಕೊಚ್ಚಿ ಹೋಗಿ ಬಚ್ಚಲ ಕಲ್ಲಿನ ಬುಡ ಬಯಲಾಗಿತ್ತು, ನುಗ್ಗೆ ಗಿಡದ ಬೇರು ಹೊರಗೆ ಕಾಣುತ್ತಿತ್ತು. ಆಕೆ ಸಂಘದಿಂದ 40 ಸಾವಿರ ಸಾಲ ತೆಗೆದು ಆರು ಅಡಿ ಎತ್ತರದ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿಸಿದರು. ಗೋಡೆಯ ಹಿಂದೆ ಹೊಲದಿಂದ ಎರಿ ಮಣ್ಣು ತಂದು ತುಂಬಿ ಹಿತ್ತಲು ಸಪಾಟು ಮಾಡಿದರು. ಪ್ಲಾಸ್ಟರ್ ಆಗಿ ಸುಣ್ಣ ಹಚ್ಚಿದ ಮೇಲೆ ಓಣಿಯವರೆಲ್ಲ ಬಂದು ನೋಡಿ ಹೋದರು. ನಾನೂ ನೋಡಿ "ಚಲೋ ಆಗೈತಿ" ಅಂದಿದ್ದೆ. ಎರಡನೇ ವರ್ಷದ ಹಸ್ತ ಮಳೆಗೆ ಒಂದು ರಾತ್ರಿ ಆ ಗೋಡೆ ಮಕಾಡೆ ಬಿತ್ತು. ಕೆಳಗೆ ಕಟ್ಟಿದ್ದ ಎರಡು ಆಡು ಸತ್ತವು. ಅರ್ಧ ತಾಸು ಮುಂಚೆ ಆಕೆಯ ಮಗ ಅಲ್ಲಿಯೇ ಆಡಿಗೆ ಮೇವು ಹಾಕುತ್ತಿದ್ದ. ಗೋಡೆ ಹೋಯಿತು, ಹನ್ನೊಂದು ಕಂತು ಉಳಿದವು.

"ಗೌಂಡಿ ಸಿಮೆಂಟ್ ಕಡಿಮಿ ಹಾಕ್ಯಾನ್ರಿ ಸಿಸ್ಟರ್" ಎಂದು ಎಲ್ಲರೂ ಹೇಳಿದರು. ನನಗೆ ಪರಿಚಯದ ಒಬ್ಬ ಎಂಜಿನಿಯರರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಿದ್ದ ಗೋಡೆಯ ಸುತ್ತ ಒಂದು ಸಲ ತಿರುಗಾಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ನೀರು ಹೊರಗ ಬರಾಕ ಕಿಂಡಿ ಎಲ್ಲಿ ಅದಾವ್ರಿ?" ಒಂದೂ ಇರಲಿಲ್ಲ.

ಗೋಡೆಯನ್ನು ಕೆಡವುವುದು ಯಾವುದು?

ನಮ್ಮ ಮನೆಯ ಗೋಡೆಗೂ ಈ ತಡೆಗೋಡೆಗೂ ಬಹಳ ವ್ಯತ್ಯಾಸವಿದೆ. ಮನೆಯ ಗೋಡೆ ಮೇಲಿನ ಭಾರ ಹೊರುತ್ತದೆ. ತಡೆಗೋಡೆಗೆ ಭಾರ ಬರುವುದು ಬದಿಯಿಂದ, ಹಿಂದಿನ ಮಣ್ಣು ಹಗಲು ರಾತ್ರಿ ಅದನ್ನು ನೂಕುತ್ತಿರುತ್ತದೆ. ಎಷ್ಟು ನೂಕುತ್ತದೆ? ಅಂದಾಜು ಲೆಕ್ಕ ಹೀಗಿದೆ. ಮೂರು ಅಡಿ ಎತ್ತರದ ಗೋಡೆಯ ಒಂದೊಂದು ಅಡಿ ಉದ್ದಕ್ಕೂ ಒಣ ಮಣ್ಣಿನ ನೂಕು ಸುಮಾರು 75 ಕಿಲೋ, ಅಂದರೆ ಮುಕ್ಕಾಲು ಚೀಲ ಜೋಳದಷ್ಟು. ಅದೇ ಮಣ್ಣಿನಲ್ಲಿ ಮೇಲಿನ ತನಕ ನೀರು ನಿಂತರೆ ನೂಕು ಒಂದೂವರೆ ಚೀಲಕ್ಕಿಂತ ಹೆಚ್ಚು. ಇನ್ನು ಎತ್ತರದ ಮಾತು. ಎತ್ತರ ಎರಡು ಪಟ್ಟಾದರೆ ನೂಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಆರು ಅಡಿ ಗೋಡೆಗೆ ಒಣಗಿದ್ದಾಗ ಮೂರು ಚೀಲ, ನೀರು ನಿಂತಾಗ ಆರೂವರೆ ಚೀಲದಷ್ಟು. ಆ ಅಕ್ಕನ ಗೋಡೆ ಒಂದು ಬ್ಲಾಕಿನ ದಪ್ಪದ್ದು. ಇಷ್ಟನ್ನು ಅದು ಹೇಗೆ ತಡೆದೀತು?

ಅದರ ಮೇಲೆ ಎರಿ ಮಣ್ಣು. ಎರಿ ಹೊಲದ ಹೆಣ್ಣುಮಕ್ಕಳಿಗೆ ನಾನು ಇದನ್ನು ಕಲಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಹಿಟ್ಟು ನಾದಿದ ಹಾಗೆ ಉಬ್ಬುತ್ತದೆ. ಉಬ್ಬಿದ ಮಣ್ಣು ಗೋಡೆಯನ್ನು ಮತ್ತಷ್ಟು ನೂಕುತ್ತದೆ, ನೀರನ್ನೂ ಬೇಗ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಗೋಡೆಯ ಹಿಂದೆ ಎರಿ ಮಣ್ಣು ತುಂಬಲೇಬಾರದು. ಗರಸು ತುಂಬಬೇಕು.

ನಮ್ಮಲ್ಲಿ ಮಳೆ ಕಡಿಮೆ, ಇಷ್ಟೆಲ್ಲ ಏಕೆ ಎಂದು ಕೇಳುವಿರಿ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದು ನಿಜ. ಆದರೆ ಅದು ಸಣ್ಣಗೆ ದಿನಾ ಬೀಳುವ ಮಳೆಯಲ್ಲ. ತಿಂಗಳುಗಟ್ಟಲೆ ಮುಗಿಲು ನೋಡಿಸಿ ಒಂದೇ ರಾತ್ರಿ ಸುರಿದು ಹೋಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ತುಂಬ ಮಣ್ಣಿನ ಮನೆಗಳು ಹೇಗೆ ಕುಸಿದವು ಎಂಬುದನ್ನು ನಿಮ್ಮಲ್ಲಿ ಬಹಳ ಜನ ಕಂಡಿದ್ದೀರಿ. ಗೋಡೆ ಕಟ್ಟುವಾಗ ನೆನಪಿನಲ್ಲಿ ಇರಬೇಕಾದದ್ದು ಅಂಥ ರಾತ್ರಿ.

ಎಲ್ಲ ಹಿತ್ತಲಿಗೂ ಗೋಡೆ ಬೇಕಿಲ್ಲ

ಮೊದಲು ಮಳೆಯಲ್ಲಿ ತಲೆಗೆ ಗೊಪ್ಪೆ ಹಾಕಿಕೊಂಡು ಹಿತ್ತಲಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ? ಬಹಳ ಮನೆಗಳಲ್ಲಿ ಮಣ್ಣು ಕೊರೆಯುವುದು ಹಿತ್ತಲ ಮೇಲೆ ಬಿದ್ದ ಮಳೆಯಲ್ಲ, ಮನೆಯ ಮೇಲಿಂದ ಒಂದೇ ಕಡೆ ಧುಮುಕುವ ನೀರು. 20 ಅಡಿಗೆ 30 ಅಡಿಯ ತಗಡಿನ ಮೇಲೆ 50 ಮಿಲಿಮೀಟರ್ ಮಳೆಯಾದರೆ ಸುಮಾರು 180 ಕೊಡ ನೀರು ಇಳಿಯುತ್ತದೆ. ಇಷ್ಟು ನೀರನ್ನು ನಿಂತು ಒಂದೇ ಜಾಗದಲ್ಲಿ ಸುರಿದರೆ ಯಾವ ಮಣ್ಣು ಉಳಿದೀತು? ತಗಡಿನ ಅಂಚಿಗೆ ದೋಣಿ ಹಾಕಿ ಪೈಪಿನಿಂದ ನೀರನ್ನು ಬ್ಯಾರಲಿಗೋ ಗಟಾರಿಗೋ ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಬಚ್ಚಲ ನೀರೂ ಹಾಗೆಯೇ. ಅದು ಸ್ವಲ್ಪವೇ ಆದರೂ ದಿನಾ ಇರುವ ನೀರು.

ಹತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಷ್ಟು ಇಳಿಜಾರಾದರೆ ಗೋಡೆಯ ಖರ್ಚು ದಂಡ. ಇಳಿಜಾರಿಗೆ ಅಡ್ಡಲಾಗಿ, ನೀರಿನ ಪೈಪಿನಿಂದ ಮಟ್ಟ ನೋಡಿ, ಹೊಲದ ಕಲ್ಲುಗಳ ಸಾಲು ಇಟ್ಟು ಅದರ ಮೇಲ್ಬದಿಗೆ ಹುಲ್ಲು ಹಚ್ಚಿದರೆ ಸಾಕು. ಹೊಲಕ್ಕೆ ಒಡ್ಡು ಹಾಕುತ್ತೇವಲ್ಲ, ಅದೇ ಬುದ್ಧಿ. ಹುಲ್ಲಿನಲ್ಲಿ ಲಾವಂಚ ಒಳ್ಳೆಯದು. ಅದರ ಬೇರು ಬದಿಗೆ ಹರಡದೆ ನೇರ ಕೆಳಗೆ ಇಳಿಯುತ್ತದೆ, ಒತ್ತಾಗಿ ಹಚ್ಚಿದರೆ ಜರಡಿಯ ಹಾಗೆ ಮಣ್ಣು ಹಿಡಿದು ನೀರು ಬಿಡುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಇದನ್ನು ತಲೆತಲಾಂತರದಿಂದ ಹೊಲದ ಬದುವಿಗೆ ಹಚ್ಚುತ್ತ ಬಂದಿದ್ದಾರೆ. ಹೊರದೇಶದ ತಜ್ಞರೂ ಈ ಹುಲ್ಲಿನ ಬಗ್ಗೆ ಬರೆದಿದ್ದಾರೆ. ಗೇಣಿಗೆ ಒಂದರಂತೆ ಹಚ್ಚಿ ಮೊದಲ ವರ್ಷ ಬಚ್ಚಲ ನೀರು ಹಾಯಿಸಿದರೆ ಮುಂದೆ ತಾನೇ ಬದುಕುತ್ತದೆ.

ಗೋಡೆ ಬೇಕಾಗುವುದು ಹಿತ್ತಲು ಒಮ್ಮೆಲೇ ಎರಡು ಮೂರು ಅಡಿ ಕೆಳಗೆ ಬೀಳುವ ಜಾಗದಲ್ಲಿ.

ಕಟ್ಟುವುದಾದರೆ ಹೀಗೆ

ನನ್ನ ಅಭಿಪ್ರಾಯ ಕೇಳಿದರೆ, ಮೂರು ಅಡಿ ತನಕ ಸಿಮೆಂಟ್ ಇಲ್ಲದ ಕಲ್ಲಿನ ಗೋಡೆಯೇ ನಮಗೆ ಸರಿ. ಕಲ್ಲಿನ ಸಂದುಗಳೇ ಅದರ ಕಿಂಡಿಗಳು, ನೀರು ಒಳಗೆ ನಿಲ್ಲುವುದೇ ಇಲ್ಲ. ನೆಲ ಸ್ವಲ್ಪ ಕುಸಿದರೂ ಅದು ಬಾಗಿ ಹೊಂದಿಕೊಳ್ಳುತ್ತದೆ, ಒಂದು ಕಡೆ ಜಾರಿದರೆ ಅಷ್ಟನ್ನೇ ಬಿಚ್ಚಿ ಕಟ್ಟಬಹುದು. "ಸಿಮೆಂಟ್ ಇಲ್ಲಂದ್ರ ಬಡವರ ಗೋಡಿ ಅಂತಾರ್ರಿ" ಎಂದು ಒಬ್ಬರು ನನಗೆ ಹೇಳಿದ್ದುಂಟು. ಅನ್ನಲಿ ಬಿಡಿ. ನಿಂತ ಗೋಡೆ ನಿಂತ ಗೋಡೆಯೇ.

ಪಾಯ ಒಂದರಿಂದ ಒಂದೂವರೆ ಅಡಿ ತೆಗೆಯಿರಿ. ಮೇಲೆ ಎರಿ ಇದ್ದರೆ ಗರಸು ಸಿಗುವ ತನಕ ಹೋಗಬೇಕು. ಮೂರು ಅಡಿ ಗೋಡೆಗೆ ಬುಡದಲ್ಲಿ ಎರಡು ಅಡಿ ಅಗಲ ಇರಲಿ, ಮೇಲೆ ಒಂದೂವರೆ ಅಡಿ. ಮುಂದಿನ ಮುಖ ಅರ್ಧ ಅಡಿಯಷ್ಟು ಹಿಂದಕ್ಕೆ, ಮಣ್ಣಿನ ಕಡೆಗೆ ವಾಲಿರಬೇಕು. ಗೋಡೆ ಮಣ್ಣಿಗೆ ಹೆಗಲು ಕೊಟ್ಟು ನಿಂತ ಹಾಗೆ ಕಾಣಬೇಕು. ದೊಡ್ಡ ಕಲ್ಲು ಕೆಳಗೆ. ಸಂದಿನ ಮೇಲೆ ಸಂದು ಬಾರದ ಹಾಗೆ ಕೂಡಿಸಬೇಕು. ಮೂರು ನಾಲ್ಕು ಅಡಿಗೊಂದು ಉದ್ದಗಲ್ಲನ್ನು ಗೋಡೆಯ ಮುಂದಿನಿಂದ ಹಿಂದಿನ ತನಕ ಅಡ್ಡ ಹಾಕಿಸಿ. ಇದನ್ನು ಮಾತ್ರ ಕಣ್ಣಾರೆ ನಿಂತು ಮಾಡಿಸಬೇಕು. ಮುಂದೆ ಚಂದದ ಕಲ್ಲು ಜೋಡಿಸಿ ಹಿಂದೆ ಪುಡಿಗಲ್ಲು ಸುರಿದುಬಿಡುವ ಗೌಂಡಿಗಳಿದ್ದಾರೆ. ಅಂಥ ಗೋಡೆ ಎರಡು ಪದರಾಗಿ ಸೀಳಿ ಹೊಟ್ಟೆ ಬಿಡುತ್ತದೆ.

ಗೋಡೆಯ ಹಿಂದೆ ಒಂದು ಅಡಿ ಅಗಲಕ್ಕೆ ಬುಡದಿಂದಲೇ ಪುಡಿಗಲ್ಲು, ಖಡಿ ತುಂಬಿ. ಅದರ ಹಿಂದೆ ಗರಸನ್ನು ಅರ್ಧ ಅರ್ಧ ಅಡಿ ಹಾಕಿ ದಿಮ್ಮಸು ಬಡಿಸಿ. ಸಿಮೆಂಟಿನಲ್ಲೇ ಕಟ್ಟುವುದಾದರೆ ಬುಡದ ಸಮೀಪ ಐದಾರು ಅಡಿಗೊಂದು ಮೂರು ಇಂಚಿನ ಪೈಪಿನ ತುಂಡು, ಹೊರಗಡೆಗೆ ಇಳುಕಲಾಗಿ ಇಡಿಸಿ. ಒಳಬಾಯಿಗೆ ದೊಡ್ಡ ಕಲ್ಲು, ಆಮೇಲೆ ಖಡಿ ಇರಲಿ, ಇಲ್ಲವಾದರೆ ಮಣ್ಣು ಹೊಕ್ಕು ಬಾಯಿ ಮುಚ್ಚುತ್ತದೆ. ಗೋಡೆಯಿಂದ ಮೂರು ನಾಲ್ಕು ಅಡಿ ಮೇಲೆ ಒಂದು ಸಣ್ಣ ಕಾಲುವೆ ತೋಡಿ ಮೇಲಿನಿಂದ ಹರಿದು ಬರುವ ನೀರನ್ನು ಬದಿಗೆ ತಿರುಗಿಸಿ.

ಮೂವತ್ತು ಅಡಿ ಉದ್ದದ ಇಂಥ ಗೋಡೆಗೆ ಸುಮಾರು ಎರಡೂವರೆ ಬ್ರಾಸ್ ಕಲ್ಲು, ಹಿಂದೆ ತುಂಬಲು ಒಂದು ಬ್ರಾಸಿನಷ್ಟು ಪುಡಿಗಲ್ಲು ಬೇಕು. ಹೊಲದಲ್ಲಿ ಆರಿಸಿ ಹಾಕಿದ ಕಲ್ಲು, ಬಿದ್ದ ಹಳೆಯ ಮನೆಯ ಕಲ್ಲು ಇದ್ದರೆ ಖರ್ಚು ಕೂಲಿಯದಷ್ಟೇ. ಕಪ್ಪತಗುಡ್ಡದ ಕಲ್ಲಿಗೆ ಕೈ ಹಚ್ಚಬೇಡಿ. 2019ರಲ್ಲಿ ಅದರ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಗಿದೆ, ಟ್ರ್ಯಾಕ್ಟರ್ ಹಿಡಿದರೆ ಸಂಘದ ಹೆಸರೂ ಕೆಡುತ್ತದೆ.

ಆರು ಅಡಿ ಮಟ್ಟ ಏರಿಸಲೇಬೇಕೆಂದರೆ ಒಂದೇ ಗೋಡೆ ಬೇಡ, ಮೂರು ಮೂರು ಅಡಿಯ ಎರಡು ಮೆಟ್ಟಿಲು ಮಾಡಿ, ನಡುವೆ ಆರು ಅಡಿಗಿಂತ ಹೆಚ್ಚು ಜಾಗ ಬಿಡಿ. ಅಲ್ಲಿ ಬದನೆ, ಮೆಣಸಿನಕಾಯಿ, ಕರಿಬೇವು ಬೆಳೆಯಬಹುದು. ಬೇವು, ಅರಳಿ ಬೇಡ, ಬೇರು ಗೋಡೆ ಎತ್ತುತ್ತದೆ. ನಾಲ್ಕು ಅಡಿ ಮೀರಿದ ಒಂಟಿ ಗೋಡೆಯನ್ನು ಎಂಜಿನಿಯರ್ ನೋಡದೆ ಕಟ್ಟಬೇಡಿ. ಮನೆಯ ಬುಡ ಅಗೆದು ಹಿತ್ತಲು ಸಪಾಟು ಮಾಡುವುದಂತೂ ಬೇಡವೇ ಬೇಡ. ಮಣ್ಣಿನ ಮಾಳಿಗೆ ಮನೆಯ ಭಾರ ಬಹಳ, ಎಷ್ಟು ಅಡಿ ಅಗೆಯುತ್ತೀರೋ ಕಡಿಮೆ ಎಂದರೂ ಅದರ ಎರಡರಷ್ಟು ದೂರ ಮನೆಯ ಗೋಡೆಯಿಂದ ಬಿಡಿ. ಶೌಚಾಲಯದ ಗುಂಡಿಯೂ ಗೋಡೆಯ ಬೆನ್ನಿಗೆ ಇರಬಾರದು.

ಕೆಳಗಿನ ಮನೆಯವರು

ಒಂದು ಮಾತನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಗೋಡೆಯ ಕೆಳಗೆ ಯಾರಿದ್ದಾರೆ? ಹಳ್ಳಗಳಲ್ಲಿ ತಗ್ಗಿನ ಜಾಗ ಬಡವರಿಗೇ ಸಿಕ್ಕಿರುತ್ತದೆ. ಮೇಲಿನ ಮನೆಯ ಗೋಡೆ, ಮೇಲಿನ ಮನೆಯ ನೀರು ಎರಡೂ ಅವರ ತಲೆಯ ಮೇಲೆ. 2024ರ ಜೂನ್ 26ರಂದು ಉಳ್ಳಾಲ ತಾಲ್ಲೂಕಿನ ಮದನಿನಗರದಲ್ಲಿ ಮಳೆಗೆ ಪಕ್ಕದ ಮನೆಯ ಗೋಡೆ ಕುಸಿದು ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ತೀರಿಹೋದರು. 2019ರ ಜುಲೈ 2ರಂದು ಮುಂಬೈಯ ಮಾಲಾಡಿನಲ್ಲಿ ಇಳಿಜಾರಿನ ದೊಡ್ಡ ಗೋಡೆ ಗುಡಿಸಲುಗಳ ಮೇಲೆ ಬಿದ್ದು ಸುಮಾರು 30 ಜನ ಸತ್ತರು. ದುಡಿಯಲು ಹೋಗುವ ನಮ್ಮ ಜನ ಇರುವುದು ಇಂಥ ಗೋಡೆಗಳ ಬುಡದಲ್ಲಿಯೇ.

ಹಾಗಾಗಿ ಗೋಡೆಗೆ ಸಾಲ ಕೇಳಿದ ಸದಸ್ಯೆಯ ಹಿತ್ತಲಿಗೆ ಮಂಜೂರಿಗೆ ಮೊದಲೇ ಸಂಘದ ಇಬ್ಬರು ಹೋಗಿ ಬರಲಿ. ಕೆಳಗಿನ ಮನೆಯ ಅಕ್ಕನನ್ನೂ ಕರೆದು, ಗೋಡೆಯಿಂದ ಬಂದ ನೀರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮೂವರೂ ನಿಂತು ಮಾತಾಡಲಿ. ಓಣಿಯ ಗಟಾರು ಇಲ್ಲದಿದ್ದರೆ ಅದು ಗ್ರಾಮ ಸಭೆಯಲ್ಲಿ ಕೇಳುವ ಕೆಲಸ, ಒಬ್ಬಳ ಸಾಲದಿಂದ ಆಗುವುದಲ್ಲ. ಈಗಾಗಲೇ ಕಟ್ಟಿದ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಅಥವಾ ಅದರ ಹಿಂದೆ ನೆಲದಲ್ಲಿ ಉದ್ದಕ್ಕೆ ಬಿರುಕು ಕಂಡರೆ, ಆ ಮಳೆಗಾಲ ಕೆಳಗೆ ದನ ಕಟ್ಟಬೇಡಿ, ಮಕ್ಕಳನ್ನು ಮಲಗಿಸಬೇಡಿ.

ಕೆಲಸ ಹೋಳಿ ಹುಣ್ಣಿಮೆಯ ಹೊತ್ತಿಗೆ ಹಿಡಿದರೆ ರೋಹಿಣಿ ಮಳೆಗೆ ಮೊದಲು ಮುಗಿಯುತ್ತದೆ. ಮುಗಿದ ದಿನ ಗೋಡೆಯ ಹಿಂದಿನ ಖಡಿಯ ಮೇಲೆ ನಾಲ್ಕು ಕೊಡ ನೀರು ಸುರಿದು ಮುಂದೆ ಬಂದು ನಿಂತು ನೋಡಿ. ಸ್ವಲ್ಪ ಹೊತ್ತಿನಲ್ಲಿ ಕಲ್ಲಿನ ಸಂದಿನಿಂದಲೋ ಪೈಪಿನಿಂದಲೋ ನೀರು ಬರಬೇಕು. ಬರದಿದ್ದರೆ ಗೌಂಡಿಯ ಕೊನೆಯ ಹಣ ಕೊಡಬೇಡಿ, ಆತ ಊರಲ್ಲಿರುವಾಗಲೇ ಬಿಚ್ಚಿಸಿ ಸರಿ ಮಾಡಿಸಿಕೊಳ್ಳಿ.