ಬೌಂಡರಿಗೆ ಯಾವ ಹಾಡು?

ಕೊಯ್ಲು ಮುಗಿದ ಗದ್ದೆಯಲ್ಲಿ ಹೊನಲು ಬೆಳಕಿನ ಕ್ರಿಕೆಟ್ ನಡೆಯುತ್ತಿತ್ತು. ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಯಾವುದಾದರೂ ಶನಿವಾರ ರಾತ್ರಿ ಬೈಂದೂರಿನಿಂದ ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಬಂದು ನೋಡಿ, ಇಂಥ ಒಂದಾದರೂ ಬೆಳಕಿನ ಗದ್ದೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ಕಂಬ, ಟೆನಿಸ್ ಚೆಂಡು, ಒಂದು ಬದಿಯಲ್ಲಿ ಚರುಮುರಿ ಗಾಡಿ, ಇನ್ನೊಂದು ಬದಿಯಲ್ಲಿ ಆಳೆತ್ತರದ ಸ್ಪೀಕರ್. ವೀಕ್ಷಕ ವಿವರಣೆ ಕೊಡುವವರು ಉಸಿರು ಎಳೆದುಕೊಳ್ಳುವಷ್ಟು ಹೊತ್ತಿನಲ್ಲಿ ಸ್ಪೀಕರ್‌ನವನು ಒಂದು ತುಂಡು ಹಾಡು ಹಾಕಬೇಕು. ಬೌಂಡರಿಗೆ ಒಂದು, ಸಿಕ್ಸರಿಗೆ ಒಂದು, ಔಟ್ ಆದವನಿಗೆ ಅಳುವ ಹಾಡು ಒಂದು. ಅದು ಅವನ ಕೆಲಸ.

ಆ ರಾತ್ರಿ ನಮ್ಮೂರ ತಂಡದ ಹುಡುಗ ಚೆಂಡನ್ನು ಗದ್ದೆಯ ಕಂಟ ದಾಟಿಸಿದಾಗ ಸ್ಪೀಕರ್‌ನವನು ಹಾಕಿದ್ದು ‘ವರಾಹ ರೂಪಂ’. ಇಡೀ ಗದ್ದೆ ಒಟ್ಟಿಗೆ ಹಾಡಿತು. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಯ್ಯ ಕೂತಿದ್ದರು. ಹಾಡು ಶುರುವಾದ ಕೂಡಲೇ ಅವರ ಕಾಲು ತನ್ನಷ್ಟಕ್ಕೆ ಚಪ್ಪಲಿಯಿಂದ ಹೊರಗೆ ಬಂತು. ಅವರಿಗೇ ಗೊತ್ತಾಗಿರಲಿಕ್ಕಿಲ್ಲ. ಅವರೆದುರು ಆರನೇ ಕ್ಲಾಸಿನ ಮೊಮ್ಮಗ ಕುರ್ಚಿ ಮೇಲೆ ಹತ್ತಿ, ಅಂಗಿ ಬಿಚ್ಚಿ ತಿರುಗಿಸುತ್ತಾ ಅದೇ ಹಾಡನ್ನು ಕಿರುಚುತ್ತಿದ್ದ.

“ಮಾಣಿ, ಇದ್ ಇಲ್ ಹಾಕು ಹಾಡಲ್ಲ.”

“ಎಂತಕ್ ಅಜ್ಜಯ್ಯ? ಎಲ್ಲರೂ ಹಾಡ್ತ್ರಲೆ! ನಮ್ಮೂರ್ ಹಾಡ್ ಅಲ್ದಾ?”

“ನಮ್ಮೂರದ್ದ್ ಅಂದೇ ಹೇಳುದ್. ಕೋಲದ್ ಹೊತ್ತಿಗೆ ನೀನ್ ಹೀಂಗ್ ಕೊಣಿತ್ಯಾ?”

“ಇದ್ ಕೋಲ ಅಲ್ಲ, ಪಿಚ್ಚರ್ ಹಾಡ್!”

ಅಜ್ಜಯ್ಯ ಸುಮ್ಮನಾದರು. ಹಿಂದಿನ ಸಾಲಿನವರು ಸುಮ್ಮನಾಗಲಿಲ್ಲ. ಒಬ್ಬರು ಅಜ್ಜಯ್ಯನ ಕಡೆ, ಇಬ್ಬರು ಮಾಣಿಯ ಕಡೆ. ನೆಲಗಡಲೆ ಬಿಡಿಸುತ್ತಿದ್ದ ಹೆಂಗಸೊಬ್ಬರು, “ಯಾವ್ದ್ ಬೇಕಾರೂ ಹಾಕ್ಲಿ, ಅಷ್ಟ್ ದೊಡ್ಡಕ್ ಬ್ಯಾಡ” ಅಂದರು. ನಡುವೆ ಎರಡು ಓವರ್ ಹೋದದ್ದು ನಮಗೆ ಯಾರಿಗೂ ತಿಳಿಯಲೇ ಇಲ್ಲ.

ನಾನೂ ಆಗ ಏನೂ ಹೇಳಲಿಲ್ಲ. ಹೇಳಲು ತೋಚಲಿಲ್ಲ, ಯಾಕೆಂದರೆ ಮಾಣಿಯ ಮಾತೂ ಸುಳ್ಳಲ್ಲ. ‘ಕಾಂತಾರ’ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಅದನ್ನು ಮಾಡಿದ ರಿಷಬ್ ಶೆಟ್ಟಿ ಕುಂದಾಪುರ ತಾಲೂಕಿನ ಕೆರಾಡಿಯವರು. ಹಾಡಿಗೆ ಸಂಗೀತ ಕೊಟ್ಟದ್ದು ಅಜನೀಶ್ ಲೋಕನಾಥ್, ಬರೆದದ್ದು ಶಶಿರಾಜ್ ಕಾವೂರು. ನಮ್ಮ ಗದ್ದೆ, ನಮ್ಮ ಕಾಡು, ನಮ್ಮ ದೈವ ದೇಶವಿಡೀ ಪರದೆಯ ಮೇಲೆ ಬಂದಾಗ ಇಲ್ಲಿನ ಮಕ್ಕಳಿಗೆ ಎದೆ ಉಬ್ಬಿದ್ದು ಸಹಜ. ಆದರೆ ಆ ಅಜ್ಜಯ್ಯ ಹುಟ್ಟಿ ಬೆಳೆದದ್ದು ಹಾಯ್ಗುಳಿ, ಚಿಕ್ಕು, ಬೊಬ್ಬರ್ಯನ ಹೆಸರು ಕೇಳಿದರೆ ತಲೆಯ ಮೇಲಿನ ಮುಂಡಾಸು ತೆಗೆಯುವ ಮನೆಯಲ್ಲಿ. ಅವರಿಗೆ ಅದು ಪಿಚ್ಚರ್ ಹಾಡಾಗಿ ಕೇಳುವುದೇ ಇಲ್ಲ.

ಇಂಥ ಜಗಳ ನಮ್ಮ ಗದ್ದೆಯಲ್ಲಿ ಮಾತ್ರ ನಡೆದದ್ದಲ್ಲ ಮಕ್ಕಳೇ. ಇದಕ್ಕಿಂತ ಬಹಳ ದೊಡ್ಡ ಮೈದಾನವೊಂದರಲ್ಲಿ ಎಷ್ಟೋ ವರ್ಷಗಳಿಂದ ನಡೆಯುತ್ತಿದೆ.

ಲಂಡನ್ನಿನಲ್ಲಿ ಟ್ವಿಕೆನ್‌ಹ್ಯಾಮ್ ಎಂಬ ಕ್ರೀಡಾಂಗಣವಿದೆ. 80 ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ. ಅಲ್ಲಿ ಆಡುವುದು ರಗ್ಬಿ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಇಂಗ್ಲೆಂಡ್ ತಂಡ ಚೆನ್ನಾಗಿ ಆಡುವಾಗ ಅಷ್ಟೂ ಜನ ಒಂದು ಹಳೆಯ ಹಾಡು ಹಾಡುತ್ತಾರೆ. ಹೆಸರು ‘ಸ್ವಿಂಗ್ ಲೋ, ಸ್ವೀಟ್ ಚಾರಿಯಟ್’. ಮನೆಗೆ ಕರೆದೊಯ್ಯಲು ರಥವೊಂದು ಇಳಿದು ಬರುತ್ತಿದೆ ಎನ್ನುವುದು ಅದರ ಭಾವ. ಕೇಳಲು ಇಂಪು, ಕಲಿಯಲು ಸುಲಭ. 1980ರ ದಶಕದ ಕೊನೆಯಲ್ಲಿ ಅದು ಆ ಮೈದಾನದಲ್ಲಿ ನೆಲೆಯೂರಿತು.

ಆದರೆ ಆ ಹಾಡು ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ. ಅಮೆರಿಕದಲ್ಲಿ, ಮನುಷ್ಯರನ್ನು ಮನುಷ್ಯರೇ ಕೊಂಡು ಮಾರುತ್ತಿದ್ದ ಕಾಲದಲ್ಲಿ. ಗುಲಾಮನಾಗಿ ದುಡಿದ ವ್ಯಾಲೇಸ್ ವಿಲ್ಲಿಸ್ ಎಂಬಾತ ಕಟ್ಟಿದ ಹಾಡು ಅದೆಂದು ಹೇಳುತ್ತಾರೆ. ಗುಲಾಮಗಿರಿ ಹೋದ ಮೇಲೆ ಫಿಸ್ಕ್ ಎಂಬ ವಿದ್ಯಾಲಯದ ಕಪ್ಪು ಜನಾಂಗದ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಹಣ ಕೂಡಿಸಲು ಊರೂರು ತಿರುಗಿ ಇಂಥ ಹಾಡುಗಳನ್ನು ಹಾಡಿದರು. ಹೊಲದಲ್ಲಿ ಬೆನ್ನು ಬಾಗಿಸಿ ದುಡಿಯುವವನಿಗೆ ಮನೆ ಅಂದರೆ ಯಾವುದು? ಅವನ ಮನೆಯನ್ನು ಯಾರೋ ಕಿತ್ತುಕೊಂಡು ಆಗಿತ್ತು. ಸತ್ತ ಮೇಲಾದರೂ ಸಿಕ್ಕೀತು ಎಂದು ಕಾದ ಮನೆ ಅದು.

2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸನೊಬ್ಬ ಕೊಂದಾಗ ಜಗತ್ತಿನಾದ್ಯಂತ ಜನ ಬೀದಿಗೆ ಬಂದರು. ಇಂಗ್ಲೆಂಡಿನ ರಗ್ಬಿ ಸಂಸ್ಥೆಯೂ ಆಗ, ಈ ಹಾಡನ್ನು ನಾವು ಹಾಡುವುದು ಸರಿಯೇ ಎಂದು ಪರಿಶೀಲಿಸುತ್ತೇವೆ ಎಂದಿತು. ಅಭಿಮಾನಿಗಳು ಎರಡು ಪಾಲಾದರು. ನಾವು ಪ್ರೀತಿಯಿಂದ ಹಾಡುತ್ತೇವೆ, ಯಾರನ್ನೂ ಹೀಯಾಳಿಸುವುದಿಲ್ಲ ಎಂದು ಕೆಲವರು. ಯಾರದೋ ಕಣ್ಣೀರಿನ ಹಾಡನ್ನು ಬಿಯರ್ ಹಿಡಿದು ಹಾಡಬಾರದು ಎಂದು ಕೆಲವರು. ಕೊನೆಗೆ ನಿಷೇಧವೇನೂ ಆಗಲಿಲ್ಲ. ಈಗಲೂ ಹಾಡುತ್ತಾರೆ.

ಇದನ್ನು ಓದುವಾಗ ನನಗೆ ಹೊಳೆದದ್ದು ಒಂದು ಸಂಗತಿ. ಟ್ವಿಕೆನ್‌ಹ್ಯಾಮಿನ ಬಹಳಷ್ಟು ಜನ ಹಾಡುವುದು ಪಲ್ಲವಿಯನ್ನು ಮಾತ್ರ, ಮತ್ತೆ ಮತ್ತೆ ಅದನ್ನೇ. ಮೈದಾನಕ್ಕೆ ಅಷ್ಟು ಸಾಕು. ಬಾಯಿಗೆ ಬರುವ ಎರಡು ಸಾಲು ಇಟ್ಟುಕೊಂಡು ಉಳಿದದ್ದನ್ನು ಅದು ಹೊರಗೆ ಬಿಡುತ್ತದೆ. ಹಾಡು ಯಾರದು, ಯಾಕೆ ಹುಟ್ಟಿತು ಎನ್ನುವುದು ಆ ಉಳಿದ ಭಾಗದ ಜೊತೆ ಹೊರಗೇ ಉಳಿಯುತ್ತದೆ.

ಪಕ್ಕದ ವೇಲ್ಸ್ ದೇಶದಲ್ಲೂ ಹೀಗೇ. ಅಲ್ಲಿನ ರಗ್ಬಿ ಅಭಿಮಾನಿಗಳ ಮೆಚ್ಚಿನ ಹಾಡು ‘ಡಿಲೈಲಾ’. ಅವರದೇ ನಾಡಿನ ಟಾಮ್ ಜೋನ್ಸ್ 1968ರಲ್ಲಿ ಹಾಡಿದ್ದು. ಪಲ್ಲವಿ ಬಂದರೆ ಛಾವಣಿ ಹಾರಿಹೋಗುವಷ್ಟು ಕೂಗು. ಆದರೆ ಚರಣಗಳಲ್ಲಿ ಇರುವುದು ಗಂಡಸೊಬ್ಬ ಹೊಟ್ಟೆಕಿಚ್ಚಿನಿಂದ ಹೆಂಗಸೊಬ್ಬಳನ್ನು ಕೊಲ್ಲುವ ಕಥೆ! 2023ರ ಫೆಬ್ರವರಿಯಲ್ಲಿ, ಪಂದ್ಯದ ದಿನ ಮೈದಾನದ ಗಾಯಕವೃಂದ ಇನ್ನು ಇದನ್ನು ಹಾಡುವುದಿಲ್ಲ ಎಂದು ಅಲ್ಲಿನ ರಗ್ಬಿ ಸಂಸ್ಥೆ ತೀರ್ಮಾನಿಸಿತು. ಗಾಯಕವೃಂದದ ಬಾಯಿಗೆ ಕಟ್ಟು ಹಾಕಬಹುದು, ಅಷ್ಟು ಸಾವಿರ ಪ್ರೇಕ್ಷಕರ ಬಾಯಿಗೆ ಹಾಕಲಾದೀತೇ?

ಎಲ್ಲ ಜಗಳವೂ ಇಷ್ಟು ಭಾರದ್ದಲ್ಲ. ಅಮೆರಿಕದ ಬಾಸ್ಟನ್ ನಗರದ ಫೆನ್‌ವೇ ಪಾರ್ಕಿನಲ್ಲಿ ಬೇಸ್‌ಬಾಲ್ ನೋಡುವವರು ಪ್ರತಿ ಪಂದ್ಯದ ಎಂಟನೇ ಇನಿಂಗ್ಸ್‌ನ ನಡುವೆ ಎದ್ದು ನಿಂತು ‘ಸ್ವೀಟ್ ಕೆರೊಲಿನ್’ ಹಾಡುತ್ತಾರೆ. 1969ರಲ್ಲಿ ನೀಲ್ ಡೈಮಂಡ್ ಹಾಡಿದ ಪ್ರೇಮಗೀತೆ. ಅದಕ್ಕೂ ಬೇಸ್‌ಬಾಲಿಗೂ ಸಂಬಂಧವಿಲ್ಲ, ಬಾಸ್ಟನ್ನಿಗೂ ಇಲ್ಲ. ನಮ್ಮ ತಂಡ ಹತ್ತು ರನ್ ಹಿಂದೆ ಬಿದ್ದಿರುವಾಗ ನಗುನಗುತ್ತಾ ಹಾಡುವವರು ಆಟ ನೋಡಲು ಬಂದವರೋ ಜಾತ್ರೆಗೆ ಬಂದವರೋ ಎಂದು ಹಳೆಯ ಅಭಿಮಾನಿಗಳು ಗೊಣಗುತ್ತಾರೆ. ಹೊಸಬರು ಕೇಳುವುದಿಲ್ಲ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಬಾಂಬ್ ಸಿಡಿದು ಮೂವರು ಸತ್ತರು, ನೂರಾರು ಮಂದಿ ಗಾಯಗೊಂಡರು. ಮರುದಿನ ಬಾಸ್ಟನ್ನಿನ ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ತಂಡ ತನ್ನ ಮೈದಾನದಲ್ಲಿ ಆ ಹಾಡನ್ನು ಹಾಕಿಸಿತು. 20ರಂದು ನೀಲ್ ಡೈಮಂಡ್ ತಾವೇ ಫೆನ್‌ವೇಗೆ ಬಂದು ಹಾಡಿದರು. ಅರ್ಥವಿಲ್ಲದ ಹಾಡಿಗೆ ಆ ವಾರ ಅರ್ಥ ಬಂತು. ಅಂದರೆ ಮೈದಾನ ಹಾಡಿನಿಂದ ಕಳೆಯುವುದು ಮಾತ್ರವಲ್ಲ, ಕೆಲವೊಮ್ಮೆ ಸೇರಿಸುತ್ತದೆ ಕೂಡ.

ನಮ್ಮ ಬೆಂಗಳೂರಿನವರು ಒಂದೇ ಒಂದು ಅಕ್ಷರಕ್ಕೆ ಅರ್ಥ ಸೇರಿಸಿದ್ದನ್ನು ನೀವೂ ಕಂಡಿದ್ದೀರಿ. “ಈ ಸಲ ಕಪ್ ನಮ್ದೇ” ಎಂಬ ಕೂಗಿಗೆ ವರ್ಷ ವರ್ಷವೂ ತಮಾಷೆ ಮಾಡಿದವರೇ ಹೆಚ್ಚು. 2024ರ ಮಾರ್ಚ್ 17ರಂದು ಆರ್‌ಸಿಬಿಯ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ, ಇನ್ನು ಅದು “ನಮ್ದೇ” ಅಲ್ಲ, “ನಮ್ದು” ಎಂದರು. ಮಹಾರಾಷ್ಟ್ರದ ಹುಡುಗಿ ಕನ್ನಡದ ವ್ಯಾಕರಣ ಪಾಠ ಮಾಡಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಹಳ ಹಿಡಿಸಿತು.

ಇನ್ನು ನಮ್ಮ ಕಡೆಯ ಮೈದಾನಕ್ಕೇ ಬರೋಣ. ಕ್ರಿಕೆಟ್ ಬರುವ ಮೊದಲು ಇಲ್ಲಿ ಜನ ಸೇರುತ್ತಿದ್ದ ದೊಡ್ಡ ಆಟದ ಗದ್ದೆ ಕಂಬಳದ್ದು. ಈಗಲೂ ವಂಡಾರಿನಲ್ಲಿ ಕಂಬಳವೆಂದರೆ ಸುತ್ತಲಿನ ಊರುಗಳೆಲ್ಲ ಅತ್ತ ಮುಖ ಮಾಡುತ್ತವೆ. ಕೋಣ ಇಳಿಯುವಾಗ ಡೋಲಿನ ಪೆಟ್ಟು ಬಿದ್ದರೆ ಮೈ ಜುಮ್ಮೆನ್ನುತ್ತದೆ ಎಂದು ಅಜ್ಜಂದಿರು ಹೇಳುತ್ತಾರಲ್ಲ, ಆ ಡೋಲು ಬಾರಿಸುತ್ತಿದ್ದವರು ಯಾರು ಎಂದು ಕೇಳಿದ್ದೀರಾ? ಕೊರಗ ಸಮುದಾಯದವರು. ಕರಾವಳಿಯ ಹಲವು ಕಡೆ ಕಂಬಳದ ಹಿಂದಿನ ರಾತ್ರಿಯಿಡೀ ಅವರು ಚಳಿಯಲ್ಲಿ ಗದ್ದೆಯ ಬದಿ ಡೋಲು ಬಾರಿಸುತ್ತಾ, ಹಾಡುತ್ತಾ ಕೂರಬೇಕಿತ್ತು. ಆಗುವುದಿಲ್ಲ ಎನ್ನುವ ಹಕ್ಕು ಅವರಿಗಿರಲಿಲ್ಲ. ಇದೂ ಸೇರಿದಂತೆ ಅವರನ್ನು ಕೀಳಾಗಿ ಕಾಣುವ ಹಲವು ಕಟ್ಟುಪಾಡುಗಳಿಗೆ ‘ಅಜಲು’ ಎಂದು ಹೆಸರು. ಅದನ್ನು ಕರ್ನಾಟಕ ಸರ್ಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಇಂದು ಕೊರಗ ಯುವಕರ ತಂಡಗಳು ಅದೇ ಡೋಲನ್ನು ತಮ್ಮ ಇಷ್ಟದಿಂದ, ತಮ್ಮ ಕಲೆಯಾಗಿ ವೇದಿಕೆಯಲ್ಲಿ ಬಾರಿಸುತ್ತವೆ. ಡೋಲು ಅದೇ, ಪೆಟ್ಟೂ ಅದೇ. ಬಾರಿಸುವವನು ತಲೆ ಎತ್ತಿ ನಿಂತಿರುತ್ತಾನೆ.

ಟ್ವಿಕೆನ್‌ಹ್ಯಾಮಿನ ಕಥೆ ಓದಿ ‘ಛೆ, ಆ ಇಂಗ್ಲೆಂಡಿನವರು’ ಅನ್ನುವ ಮೊದಲು ಇದನ್ನು ನೆನಪು ಮಾಡಿಕೊಳ್ಳಬೇಕು ಎಂದು ನನಗೆ ಅನಿಸಿತು.

‘ಕಾಂತಾರ’ದ ವಿಷಯಕ್ಕೆ ಬಂದರೆ, ಅದು ದೊಡ್ಡ ಕ್ರಿಕೆಟ್ ಮೈದಾನಕ್ಕೂ ಹೋಗಿದೆ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಡೆಲ್ಲಿ ತಂಡದ ಕೆ.ಎಲ್. ರಾಹುಲ್ ಔಟಾಗದೆ 93 ರನ್ ಹೊಡೆದು ಆರ್‌ಸಿಬಿಯನ್ನು ಸೋಲಿಸಿ, ಬ್ಯಾಟಿನಿಂದ ನೆಲದಲ್ಲಿ ವೃತ್ತ ಬರೆದು ನಡುವೆ ಬ್ಯಾಟ್ ಊರಿ ನಿಂತರು. ಇದು ನನ್ನ ಜಾಗ ಎನ್ನುವ ಹಾಗೆ. ‘ಕಾಂತಾರ’ದಿಂದ ಬಂದದ್ದು ಎಂದು ಅವರೇ ಹೇಳಿದರು. ಸುರತ್ಕಲ್ಲಿನಲ್ಲಿ ಬೆಳೆದ ಹುಡುಗ, ಸೋತದ್ದು ಬೆಂಗಳೂರು. ನಮ್ಮ ಕಡೆಯವರಿಗೆ ಖುಷಿ ಪಡಬೇಕೋ ಬೇಸರಪಡಬೇಕೋ ತಿಳಿಯಲಿಲ್ಲ! ಅದು ಗೆದ್ದವನ ಸಂಭ್ರಮ, ದೈವದ ವೇಷವಲ್ಲ. ಹಾಗಾಗಿ ಹೆಚ್ಚಿನವರು ನಕ್ಕು ಸುಮ್ಮನಾದರು.

ಆದರೆ ಸಿನಿಮಾ ನೋಡಿದವರು ದೈವದ ಬಣ್ಣ ಬಳಿದುಕೊಂಡು, ದೈವದ ಹಾಗೆ ಕೂಗುತ್ತಾ ಸಿಕ್ಕಸಿಕ್ಕಲ್ಲಿ ಕುಣಿಯತೊಡಗಿದಾಗ ದೈವಾರಾಧಕರಿಗೆ ನೋವಾಯಿತು. ವ್ರತ ಹಿಡಿದು, ಕಟ್ಟುಪಾಡಿನಲ್ಲಿದ್ದು ದೈವಕ್ಕೆ ಬಣ್ಣ ಹಚ್ಚುವ ಪಾಣರ, ನಲಿಕೆಯವರ ತಲೆಮಾರುಗಳ ಸೇವೆ ಅದು. ‘ಕಾಂತಾರ’ದ ಮುಂದಿನ ಚಿತ್ರ 2025ರ ಅಕ್ಟೋಬರ್ 2ರಂದು ಬಂದಾಗ, ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರತಂಡವೇ ಜನರಲ್ಲಿ ಕೇಳಿಕೊಳ್ಳಬೇಕಾಯಿತು.

ಹಾಡು ಹಾಡುವುದೂ ವೇಷ ಹಾಕುವುದೂ ಒಂದೇ ಅಲ್ಲ, ಮಾಣಿಯ ವಾದ ಅಲ್ಲಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ, ಆ ಹಾಡನ್ನು ಪೂರ್ತಿ ಹಾಡುವವರ ಮೇಲೆ ನನಗೆ ತಕರಾರಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಪುಟ್ಟ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಅದನ್ನು ಹಾಡಿದ್ದು ಕೇಳಿದ್ದೇನೆ, ಆ ಅಜ್ಜಯ್ಯ ಇದ್ದಿದ್ದರೆ ಅವರೂ ಕೈ ಮುಗಿಯುತ್ತಿದ್ದರು. ನನಗೆ ಕಿರಿಕಿರಿ ಆ ಹತ್ತು ಸೆಕೆಂಡಿನದ್ದು. ಹತ್ತು ಸೆಕೆಂಡು ಕತ್ತರಿಸಿ ಬೌಂಡರಿಗೆ ಹಾಕಿದರೆ ಯಾವ ಹಾಡೂ ಬರೀ ಪೀಪಿಯಾಗುತ್ತದೆ.

ಗದ್ದೆಯ ಕಥೆ ಅರ್ಧಕ್ಕೆ ಬಿಟ್ಟೆ. ಎರಡನೇ ಪಂದ್ಯ ಶುರುವಾಗುವ ಮೊದಲು ಮಾಣಿ ಅಂಗಿ ಹಾಕಿಕೊಂಡು ಎಲ್ಲಿಗೋ ಹೋದ. ನೋಡಿದರೆ ಸ್ಪೀಕರ್‌ನವನ ಹತ್ತಿರ ನಿಂತಿದ್ದಾನೆ. ಓಡುತ್ತಾ ಬಂದು ಅಜ್ಜಯ್ಯನ ಕಿವಿಯಲ್ಲಿ ಹೇಳಿದ: “ಆ ಹಾಡ್ ಬ್ಯಾಡ ಅಂದ್ ಹೇಳ್ದೆ. ಹಾಂಗಾರೆ ಯಾವ್ದ್ ಹಾಕುದ್ ಅಂದ್ ಕೇಂತ್ರ್.”

ಅಜ್ಜಯ್ಯನಿಗೆ ಇದು ನಿರೀಕ್ಷೆಯಿರಲಿಲ್ಲ. ಬೇಡ ಎನ್ನುವುದು ಸುಲಭ. ಸ್ವಲ್ಪ ಯೋಚಿಸಿ, “ಆಟದ್ ಚೆಂಡೆ ಪೆಟ್ಟ್ ಇತ್ತಾ ಕೇಣ್” ಅಂದರು. ಇತ್ತು. ಯಕ್ಷಗಾನದ ಊರಿನ ಸ್ಪೀಕರ್‌ನವನ ಫೋನಿನಲ್ಲಿ ಅದಿಲ್ಲದೆ ಇರುತ್ತದೆಯೇ? ಮುಂದಿನ ಸಿಕ್ಸರಿಗೆ ಚೆಂಡೆ ಮೊಳಗಿತು. ಇಡೀ ಗದ್ದೆ ಕುಣಿಯಿತು. ಈ ಸಲ ಅಜ್ಜಯ್ಯನ ಚಪ್ಪಲಿ ಕಾಲಿನಲ್ಲೇ ಇತ್ತು, ಕಾಲು ತಾಳ ಹಾಕುತ್ತಿತ್ತು.

ಆಗ ಹಿಂದಿನ ಸಾಲಿನಿಂದ ಇನ್ನೊಬ್ಬ ಹಿರಿಯರು ಎದ್ದರು. “ಹ್ವಾಯ್, ಆಟ ಅಂದ್ರೂ ದೇವ್ರ್ ಸೇವೆ ಅಲ್ದಾ? ಅದರ್ ಚೆಂಡೆ ಇಲ್ ಹಾಕುಕ್ ಅಕ್ಕಾ?”

ಮಾಣಿ ಅಜ್ಜಯ್ಯನ ಮುಖ ನೋಡಿದ. ಅಜ್ಜಯ್ಯ ಕುರ್ಚಿ ತಿರುಗಿಸಿ ಹಿಂದಿನ ಸಾಲಿನ ಕಡೆ ಮುಖ ಮಾಡಿ ಕೂತರು. ಅಷ್ಟರಲ್ಲಿ ಚೆಂಡು ಪಕ್ಕದ ತೆಂಗಿನ ತೋಟಕ್ಕೆ ಬಿದ್ದು, ಎರಡೂ ತಂಡದವರು ಟಾರ್ಚ್ ಹಿಡಿದು ಹುಡುಕಲು ಹೋದರು.