ರಿಪೇರಿ ಆದ ವಿಮಾನ ಯಾಕೆ ಬೀಳುತ್ತದೆ?

ಕಲ್ಯಾಣ್, ಡೊಂಬಿವಲಿ, ಠಾಣೆಯಿಂದ ಅಂಧೇರಿ ಕಡೆ ಕೆಲಸಕ್ಕೆ ಹೋಗುವ ನಮ್ಮವರಲ್ಲಿ ಎಷ್ಟೋ ಮಂದಿ ಘಾಟ್ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೋ ಹತ್ತುತ್ತೀರಿ. ಅಲ್ಲಿಂದ ಮುಂದಿನ ನಿಲ್ದಾಣ ಜಾಗೃತಿ ನಗರ. 2018ರ ಜೂನ್ 28ರ ಮಧ್ಯಾಹ್ನ ಅದೇ ಆಸುಪಾಸಿನಲ್ಲಿ, ಕಟ್ಟುತ್ತಿದ್ದ ಒಂದು ಕಟ್ಟಡದ ಹತ್ತಿರ, ಸಣ್ಣ ವಿಮಾನವೊಂದು ಬಿತ್ತು. ಕಿಂಗ್ ಏರ್ ಸಿ-90, ಒಂದು ಕಾಲದಲ್ಲಿ ಉತ್ತರ ಪ್ರದೇಶ ಸರಕಾರದ್ದು. ರಿಪೇರಿ ಮುಗಿಸಿ ಜುಹೂವಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿತ್ತು. ಒಳಗಿದ್ದ ಇಬ್ಬರು ಪೈಲಟ್‌ಗಳು, ಇಬ್ಬರು ನಿರ್ವಹಣಾ ಸಿಬ್ಬಂದಿ, ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು, ಒಟ್ಟು ಐದು ಜನ ತೀರಿಕೊಂಡರು.

ಈ ದುರಂತಕ್ಕೆ ರಿಪೇರಿಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆಗ ಲೋಕಲ್ ಡಬ್ಬಿಯಲ್ಲಿ ಯಾರಿಗಾದರೂ ಬರುವ ಪ್ರಶ್ನೆ ಇದು: ಈಗಷ್ಟೇ ರಿಪೇರಿ ಆದ ವಿಮಾನ ಬೀಳುವುದುಂಟೇ?

ಉಂಟು. ಬಿಚ್ಚದೆ ಬಿಟ್ಟ ಯಂತ್ರ ನಿನ್ನೆಯಂತೆಯೇ ಇರುತ್ತದೆ. ಬಿಚ್ಚಿದಾಗ ನೂರಾರು ತಿರುಪು, ಕೊಳವೆ, ತಂತಿಗಳು ಮೊದಲಿದ್ದ ಜಾಗಕ್ಕೇ ಮರಳಬೇಕು. ಮನೆಯ ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಮೇಜಿನ ಮೇಲೆ ಉಳಿದರೆ ನಗುತ್ತೇವೆ. ವಿಮಾನದಲ್ಲಿ ನಗುವ ಹಾಗಿಲ್ಲ. ಆಕಾಶದಲ್ಲಿ ಗಾಡಿ ಬದಿಗೆ ಹಾಕಲು ಜಾಗ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಒಂದು ಪ್ರಕರಣ ನೋಡಿ. 2003ರ ಜನವರಿ 8, ಷಾರ್ಲೆಟ್ ನಗರ. ಏರ್ ಮಿಡ್‌ವೆಸ್ಟ್ ಕಂಪೆನಿಯ 19 ಸೀಟಿನ ಬೀಚ್ 1900 ವಿಮಾನ ನೆಲ ಬಿಟ್ಟು 37 ಸೆಕೆಂಡಿಗೆ ಬಿತ್ತು. ಒಳಗಿದ್ದ 21 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಎರಡು ದಿನ ಹಿಂದೆಯಷ್ಟೇ ಅದರ ನಿರ್ವಹಣೆ ಆಗಿತ್ತು. ವಿಮಾನದ ಬಾಲದಲ್ಲಿ ಎಲಿವೇಟರ್ ಎಂಬ ಹಲಗೆ ಇರುತ್ತದೆ. ಮೂತಿ ಮೇಲೇಳುವುದು, ಕೆಳಗಿಳಿಯುವುದು ಅದರಿಂದ. ಪೈಲಟ್‌ನ ಕೈಗೂ ಅದಕ್ಕೂ ನಡುವೆ ಇರುವುದು ತಂತಿ. ಆ ತಂತಿಯ ಬಿಗಿ ಹೊಂದಿಸುವ ಟರ್ನ್‌ಬಕಲ್ ಅನ್ನು ತಪ್ಪಾಗಿ ಕೂರಿಸಿದ್ದರು. ಇದರಿಂದ ಮೂತಿ ಇಳಿಸುವ ದಿಕ್ಕಿಗೆ ಹಲಗೆ ಹೆಚ್ಚುಕಡಿಮೆ ಅರ್ಧದಷ್ಟೇ ಚಲಿಸುತ್ತಿತ್ತು.

ಆಶ್ಚರ್ಯ ಏನೆಂದರೆ, ಇದೇ ಸ್ಥಿತಿಯಲ್ಲಿ ವಿಮಾನ ಅದಕ್ಕೆ ಮೊದಲು ಹಲವು ಸಲ ಹಾರಿತ್ತು. ಭಾರ ಕಡಿಮೆ ಇದ್ದಾಗ ಅರ್ಧ ಚಲನೆಯೇ ಸಾಕಾಗಿತ್ತು. ಆ ದಿನ ವಿಮಾನ ತುಂಬಿತ್ತು. ಲೆಕ್ಕದ ಕಾಗದದಲ್ಲಿ ಭಾರ ಮಿತಿಯೊಳಗೇ ಇತ್ತು, ಆದರೆ ನಿಜವಾದ ಜನರ ತೂಕ ಕಾಗದದ ಸರಾಸರಿಗಿಂತ ಹೆಚ್ಚು. ಹಿಂಭಾಗ ಭಾರವಾಗಿ ಮೂತಿ ಮೇಲೆದ್ದಿತು. ಪೈಲಟ್‌ಗಳು ಎಷ್ಟು ಒತ್ತಿದರೂ ಇಳಿಯಲಿಲ್ಲ.

ನನಗೆ ಹೆಚ್ಚು ಕಾಡುವುದು ಶೆಡ್ಡಿನೊಳಗೆ ನಡೆದದ್ದು. ಆ ಮೆಕ್ಯಾನಿಕ್ ಈ ಮಾದರಿಯ ವಿಮಾನದಲ್ಲಿ ಆ ಕೆಲಸವನ್ನು ಮೊದಲ ಸಲ ಮಾಡುತ್ತಿದ್ದ. ಕೈಪಿಡಿಯ ಕೆಲವು ಹಂತಗಳನ್ನು ಬಿಟ್ಟ. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಅದಕ್ಕೆ ಒಪ್ಪಿದ. ಕಲಿಸಿದವನೂ ಅವನೇ, ಕೊನೆಗೆ ಪರಿಶೀಲಿಸಿ ಸಹಿ ಹಾಕಿದವನೂ ಅವನೇ! ಎರಡನೇ ಕಣ್ಣು ಅಂತ ಇರಲೇ ಇಲ್ಲ. ಹಲಗೆ ಪೂರ್ತಿ ಚಲಿಸುತ್ತದೋ ಅಂತ ಕೊನೆಗೊಮ್ಮೆ ಅಳೆದಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು. ಮಗಳನ್ನು ಕಳಕೊಂಡ ಹೆತ್ತವರು ಪರಿಹಾರದ ದುಡ್ಡು ಮಾತ್ರ ಸಾಲದು, ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳಿ ಅಂತ ಪಟ್ಟು ಹಿಡಿದರು. 2005ರಲ್ಲಿ ಕಂಪೆನಿ ಬಹಿರಂಗವಾಗಿ ಕ್ಷಮೆ ಕೇಳಿತು.

ಇನ್ನೂ ಸಣ್ಣ ವಿಮಾನಗಳಲ್ಲಿ ತಂತಿ ಅದಲು ಬದಲಾಗುವುದೂ ಇದೆ. ಪೈಲಟ್ ಎಡಕ್ಕೆ ತಿರುಗಿಸಿದರೆ ವಿಮಾನ ಬಲಕ್ಕೆ ವಾಲುತ್ತದೆ. ಹಾಗಾಗಿ ಹೊರಡುವ ಮುಂಚೆ ಚಕ್ರವನ್ನು ಎಡಕ್ಕೆ ತಿರುಗಿಸಿ ಎಡ ರೆಕ್ಕೆಯ ಹಿಂದಂಚಿನ ಹಲಗೆ ಮೇಲೆ ಹೋಯಿತೋ, ಬಲಗಡೆಯದು ಕೆಳಗೆ ಬಂತೋ ನೋಡಬೇಕು. ಹಲಗೆ ಅಲುಗಾಡಿದರೆ ಸಾಲದು, ಸರಿಯಾದ ದಿಕ್ಕಿಗೆ ಹೋಗಬೇಕು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನವಿ ಮುಂಬೈ ವಿಮಾನ ನಿಲ್ದಾಣ 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ವಿಮಾನ ನಿರ್ವಹಣಾ ಇಂಜಿನಿಯರ್, ಅಂದರೆ ಎಎಂಇ ಆಗುವ ಆಸೆ ಇರುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ ದಾರಿ ಇದೆ. ಬಿ1 ಲೈಸೆನ್ಸ್ ಇಂಜಿನ್ ಮತ್ತು ಯಾಂತ್ರಿಕ ಭಾಗಕ್ಕೆ, ಬಿ2 ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಕೆಲಸ ಮುಗಿದ ವಿಮಾನ ಹಾರಲು ಯೋಗ್ಯ ಎಂಬ ಕಾಗದಕ್ಕೆ ಸಹಿ ಹಾಕುವವರು ಇವರೇ.

ಫೀಸು ಕಟ್ಟುವ ಮೊದಲು ಆ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೋ, ಯಾವ ಲೈಸೆನ್ಸಿಗೆ ಇದೆಯೋ ನೋಡಿ. ಜಾಹೀರಾತಿನ ಸಂಬಳದ ಅಂಕಿ ಆಮೇಲೆ. ನಿಜವಾದ ವಿಮಾನದ ಮೇಲೆ ಎಷ್ಟು ತಿಂಗಳು ಕೈಯಾಡಿಸಲು ಬಿಡುತ್ತೀರಿ, ನಮ್ಮ ಕೆಲಸವನ್ನು ಪರಿಶೀಲಿಸುವವರು ಯಾರು ಅಂತ ಕೇಳಿ.